ಬೆಳಕು ಅಲ್ಲಿ, ಬೂದಿ ಇಲ್ಲಿ

ಕಳೆದ ಬೇಸಗೆಯ ಒಂದು ಸಂಜೆ ಕರೆಂಟು ಹೋಗಿತ್ತು. ನೆರೆಮನೆಯ ಖಾಲಾ ಎಂದಿನಂತೆ ಬೀಸಣಿಗೆ ಹಿಡಿದುಕೊಂಡು ನಮ್ಮ ಜಗಲಿಗೆ ಬಂದು ಕುಳಿತರು. ಮಗ ಎಲ್ಲೋ ಓದಿದ ಸುದ್ದಿಯೊಂದನ್ನು ಹೇಳುತ್ತಿದ್ದ. ನೇಪಾಳದ ಕರೆಂಟು ನಮ್ಮ ದೇಶದ ತಂತಿಗಳ ಮೂಲಕ ಹಾದು ಬಾಂಗ್ಲಾದೇಶಕ್ಕೆ ಹೋಗುತ್ತದೆ ಎಂಬ ಸುದ್ದಿ. ಖಾಲಾ ಬೀಸಣಿಗೆ ನಿಲ್ಲಿಸಿ ಕೇಳಿದರು: "ಕರೆಂಟಿಗೂ ಪಾಸ್‌ಪೋರ್ಟು, ವೀಸಾ ಎಲ್ಲ ಉಂಟಾ ಮಗಾ?"

ನಾವೆಲ್ಲ ನಕ್ಕೆವು. ಆದರೆ ಆಮೇಲೆ ಕುಳಿತು ಓದುತ್ತಾ ಹೋದಾಗ ಖಾಲಾರ ಪ್ರಶ್ನೆ ನಗುವಂಥದ್ದೇನೂ ಅಲ್ಲವೆಂದು ಗೊತ್ತಾಯಿತು. ಕರೆಂಟಿಗೆ ನಿಜವಾಗಿಯೂ ಒಂದು ಬಗೆಯ ವೀಸಾ ಇದೆ. ಗಡಿ ದಾಟಲು ಅನುಮತಿ ಇಲ್ಲದಿರುವುದು ಅದರ ಹಿಂದೆ ಉಳಿಯುವ ಹೊಗೆಗೆ, ಬೂದಿಗೆ, ಬತ್ತಿದ ಹೊಳೆಗೆ. ಸಹೋದರಿಯರೇ, ಈ ತಿಂಗಳು ಇದನ್ನೇ ಸ್ವಲ್ಪ ಮಾತಾಡೋಣ. ಇದು ಗಂಡಸರ, ಇಂಜಿನಿಯರುಗಳ ವಿಷಯವೆಂದು ಪುಟ ಮಗುಚಬೇಡಿ. ಮಿಕ್ಸಿ, ಫ್ರಿಜ್ಜು, ವಾಷಿಂಗ್ ಮೆಶಿನ್, ಇಸ್ತ್ರಿಪೆಟ್ಟಿಗೆ ಇವುಗಳಿಗೆಲ್ಲ ನಮ್ಮ ಮನೆಗಳಲ್ಲಿ ಸ್ವಿಚ್ಚು ಹಾಕುವವರು ಯಾರು?

ಮೊದಲು ಯೂನಿಟ್ಟಿನ ಲೆಕ್ಕ. ಸಾವಿರ ವಾಟ್‌ನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಉರಿದರೆ ಒಂದು ಯೂನಿಟ್. ನಮ್ಮ ದೇಶದ ಕಲ್ಲಿದ್ದಲಿನ ಸ್ಥಾವರಗಳಲ್ಲಿ ಆ ಒಂದು ಯೂನಿಟ್ ತಯಾರಿಸಲು ಸರಾಸರಿ ಆರೇಳು ನೂರು ಗ್ರಾಂ ಕಲ್ಲಿದ್ದಲು ಸುಡಬೇಕು. ಅದರಿಂದ ಹೊರಬರುವ ಇಂಗಾಲದ ಡೈ ಆಕ್ಸೈಡ್ ಹೆಚ್ಚುಕಡಿಮೆ ಒಂದು ಕಿಲೋ. ಸುಟ್ಟದ್ದಕ್ಕಿಂತ ಹೊಗೆಯೇ ಹೆಚ್ಚು ತೂಗುವುದು ಹೇಗೆಂದು ನಿಮಗೆ ಅನಿಸಬಹುದು. ಇಂಗಾಲ ಉರಿಯುವಾಗ ಗಾಳಿಯಿಂದ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ, ಅದರಿಂದ ತೂಕ ಹೆಚ್ಚುತ್ತದೆ. ಇನ್ನು ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಬರೀ ಬೂದಿ.

ಖಾಲಾರ ಮನೆಯ ಬಿಲ್ಲು ತೆಗೆದು ನೋಡಿದೆ. ಗೃಹಜ್ಯೋತಿ ಬಂದ 2023ರಿಂದ ಅವರ ಬಿಲ್ಲು ಸೊನ್ನೆ, ಹಾಗಾಗಿ ಬಿಲ್ಲನ್ನು ಯಾರೂ ಬಿಡಿಸಿಯೇ ನೋಡಿರಲಿಲ್ಲ. ಬಳಸಿದ್ದು 143 ಯೂನಿಟ್. ನಮ್ಮ ರಾಜ್ಯದಲ್ಲಿ ನೀರು, ಬಿಸಿಲು, ಗಾಳಿಯ ವಿದ್ಯುತ್ತೂ ಸಾಕಷ್ಟಿದೆಯೆನ್ನಿ. ಆದರೆ ಅಷ್ಟೂ ಕಲ್ಲಿದ್ದಲಿನದ್ದೇ ಆಗಿದ್ದರೆ ತಿಂಗಳಿಗೆ ತೊಂಬತ್ತು ಕಿಲೋಗೂ ಹೆಚ್ಚು ಕಲ್ಲಿದ್ದಲು, ಅಂದರೆ ಹತ್ತಿರ ಹತ್ತಿರ ಎರಡು ಮೂಟೆ ಅಕ್ಕಿಯಷ್ಟು. "ಸೊನ್ನೆ ಅಂತ ಬರೆದಿದ್ದಾರಲ್ಲಾ" ಎಂದರು ಖಾಲಾ. ಸೊನ್ನೆ ಇರುವುದು ರೂಪಾಯಿಯ ಕಾಲಂನಲ್ಲಿ. ಈ ಸೊನ್ನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಂದು ಸೊನ್ನೆ ಬರುತ್ತದೆ.

ಜಾರ್ಖಂಡ್‌ನ ಪೂರ್ವ ಮೂಲೆಯಲ್ಲಿ ಗೊಡ್ಡಾ ಎಂಬ ಜಿಲ್ಲೆಯಿದೆ. ಸಂತಾಲ ಆದಿವಾಸಿಗಳು, ದಲಿತರು, ಸಣ್ಣ ರೈತರು ಇರುವ ನಾಡು. ಅಲ್ಲಿ ಅದಾನಿ ಕಂಪೆನಿಯ 1600 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರವಿದೆ. 2017ರಲ್ಲಿ ಬಾಂಗ್ಲಾದೇಶದ ವಿದ್ಯುತ್ ಮಂಡಳಿಯೊಂದಿಗೆ ಆದ 25 ವರ್ಷಗಳ ಒಪ್ಪಂದದ ಪ್ರಕಾರ ಅಲ್ಲಿ ತಯಾರಾಗುವ ವಿದ್ಯುತ್ತೆಲ್ಲ ಬಾಂಗ್ಲಾದೇಶಕ್ಕೆ. 2023ರ ಏಪ್ರಿಲ್‌ನಲ್ಲಿ ಮೊದಲ ಘಟಕ, ಜೂನ್‌ನಲ್ಲಿ ಎರಡನೆಯದು ವ್ಯಾಪಾರಕ್ಕೆ ತೊಡಗಿದವು. ಗಡಿಯವರೆಗೆ ಸುಮಾರು ನೂರು ಕಿಲೋಮೀಟರ್ ಪ್ರತ್ಯೇಕ ತಂತಿ ಎಳೆಯಲಾಯಿತು.

ಜಾರ್ಖಂಡ್ ಕಲ್ಲಿದ್ದಲಿನ ತವರು. ಆದರೂ ಈ ಸ್ಥಾವರ ಸುಡುವುದು ವಿದೇಶಿ ಕಲ್ಲಿದ್ದಲನ್ನು. ಆಸ್ಟ್ರೇಲಿಯಾದಂಥ ದೂರದ ದೇಶಗಳಿಂದ ಹಡಗಿನಲ್ಲಿ ಒಡಿಶಾದ ಧಾಮ್ರಾ ಬಂದರಿಗೆ, ಅಲ್ಲಿಂದ ರೈಲಿನಲ್ಲಿ ಆರೇಳು ನೂರು ಕಿಲೋಮೀಟರ್ ಗೊಡ್ಡಾಕ್ಕೆ. ನೀರು ಸಾಹಿಬ್‌ಗಂಜ್ ಬಳಿಯ ಗಂಗೆಯಿಂದ ಪೈಪಿನಲ್ಲಿ ಬರುತ್ತದೆ. ಕಲ್ಲಿದ್ದಲು ಒಂದು ದೇಶದ್ದು, ನೆಲ, ನೀರು ಇನ್ನೊಂದು ದೇಶದ್ದು, ಬೆಳಕು ಮೂರನೆಯ ದೇಶದ್ದು.

ಈ ಸುತ್ತಾಟವೆಲ್ಲ ಯಾಕೆ ಎಂದು ಕೇಳಬಹುದು. ಕಲ್ಲಿದ್ದಲನ್ನು ಹಡಗಿನಲ್ಲಿ ನೇರವಾಗಿ ಬಾಂಗ್ಲಾದೇಶಕ್ಕೇ ತಂದು ಅಲ್ಲೇ ಸುಡಬಹುದಿತ್ತಲ್ಲ? ಒಪ್ಪಂದಗಳು ಕಂಪೆನಿಗಳ ಅನುಕೂಲ, ಸರಕಾರಗಳ ಸ್ನೇಹ, ಸಾಲ, ತೆರಿಗೆ ಇವನ್ನೆಲ್ಲ ನೋಡಿ ಆಗುತ್ತವೆ. ಸ್ಥಾವರದ ಜಾಗಕ್ಕೆ 2019ರಲ್ಲಿ ವಿಶೇಷ ಆರ್ಥಿಕ ವಲಯದ ಸೌಲಭ್ಯವೂ ಸಿಕ್ಕಿತು. ಆ ಹಳ್ಳಿಗಳ ಹಲವರು ತಮ್ಮ ಜಮೀನನ್ನು ಒಪ್ಪಿಗೆಯಿಲ್ಲದೆ ಕಿತ್ತುಕೊಳ್ಳಲಾಯಿತು, ನಿಂತ ಬೆಳೆಯ ಮೇಲೆ ಯಂತ್ರ ಹರಿಸಲಾಯಿತು ಎಂದು ದೂರಿದರು, ನ್ಯಾಯಾಲಯಕ್ಕೂ ಹೋದರು. ಎಲ್ಲವೂ ಕಾನೂನಿನ ಪ್ರಕಾರವೇ ಆಗಿದೆಯೆಂದು ಕಂಪೆನಿ ಹೇಳಿತು. ಅಂದು ಹೊಲ ಬಿಡಬೇಡಿರೆಂದು ಅಧಿಕಾರಿಗಳ ಕಾಲಿಗೆ ಬಿದ್ದ ಹೆಂಗಸರ ಚಿತ್ರವನ್ನು ನೀವೂ ಪತ್ರಿಕೆಗಳಲ್ಲಿ ಕಂಡಿರಬಹುದು. ಅವರ ಮನೆಗಳಲ್ಲೂ ಬಲ್ಬು ಉರಿಯುತ್ತದೆ, ಆದರೆ ಕಣ್ಣೆದುರಿನ ಚಿಮಣಿ ಕಟ್ಟಿದ್ದು ಆ ಬಲ್ಬಿಗಾಗಿ ಅಲ್ಲ.

ಈಗ ಇನ್ನೊಂದು ಸೊನ್ನೆಗೆ ಬರೋಣ. ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ಪ್ರಕಾರ ಪ್ರತಿಯೊಂದು ದೇಶವೂ ತನ್ನ ಹೊಗೆಯ ಲೆಕ್ಕ ಕೊಡಬೇಕು. ಆ ಲೆಕ್ಕದಲ್ಲಿ ಹೊಗೆ ಸೇರುವುದು ಸುಟ್ಟ ದೇಶದ ಖಾತೆಗೆ, ವಿದ್ಯುತ್ತು ಬಳಸಿದ ದೇಶದ ಖಾತೆಗೆ ಅಲ್ಲ. ಹೀಗಾಗಿ ಢಾಕಾದ ಯಾವುದೋ ಮನೆಯ ಫ್ಯಾನು ಗೊಡ್ಡಾದ ಕರೆಂಟಿನಲ್ಲಿ ತಿರುಗಿದರೆ ಬಾಂಗ್ಲಾದೇಶದ ಪುಸ್ತಕದಲ್ಲಿ ಅದರ ಹೊಗೆ ಸೊನ್ನೆ, ಎಲ್ಲವೂ ಭಾರತದ ಪುಸ್ತಕದಲ್ಲಿ. ಕಲ್ಲಿದ್ದಲು ಅಗೆದು ಮಾರಿದ ದೇಶದ ಪುಸ್ತಕದಲ್ಲೂ ಆ ಹೊಗೆ ಇಲ್ಲ. ಖಾಲಾರ ಬಿಲ್ಲಿನಂತೆಯೇ!

ಇಲ್ಲಿ ಬಾಂಗ್ಲಾದೇಶದ ಸಹೋದರಿಯರನ್ನು ದೂರಿ ಸುಮ್ಮನಾಗುವುದು ಸುಲಭ. ಆದರೆ ಅವರ ಕಥೆಯನ್ನೂ ಕೇಳಿ. ಜನ ಕಿಕ್ಕಿರಿದ ಸಣ್ಣ ನಾಡು, ದೊಡ್ಡ ಅಣೆಕಟ್ಟಿಗೆ ಬೇಕಾದ ಬೆಟ್ಟವಿಲ್ಲ, ನೂರಾರು ಎಕರೆ ಸೋಲಾರ್ ಹಾಸಲು ಗದ್ದೆ ಬಿಟ್ಟರೆ ಜಾಗವಿಲ್ಲ, ಸ್ವಂತ ಅನಿಲ ಕರಗುತ್ತಾ ಬಂತು. 2022ರ ಮಾರ್ಚ್‌ನಲ್ಲಿ ದೇಶದ ಎಲ್ಲ ಮನೆಗಳಿಗೂ ವಿದ್ಯುತ್ ತಲುಪಿತೆಂದು ಅಲ್ಲಿನ ಸರಕಾರ ಘೋಷಿಸಿತು. ಅದೇ ವರ್ಷ ಅನಿಲದ ಬೆಲೆ ಗಗನಕ್ಕೇರಿತು, ಪಾಳಿಯ ಮೇಲೆ ವಿದ್ಯುತ್ ಕಡಿತ ಶುರುವಾಯಿತು. 2023ರ ಜೂನ್‌ನಲ್ಲಿ ಕಲ್ಲಿದ್ದಲು ಕೊಳ್ಳಲು ಡಾಲರಿಲ್ಲದೆ ಪಾಯ್ರಾದ ದೊಡ್ಡ ಸ್ಥಾವರವೇ ನಿಂತಿತು. ಬೇಸಗೆಯ ರಾತ್ರಿ ಮಗುವಿಗೆ ಗಾಳಿ ಬೀಸುತ್ತಾ ಕೂರುವ ತಾಯಿಗೆ ಕರೆಂಟು ಎಲ್ಲಿಂದ ಬಂದರೇನು?

ತೊಂದರೆಯೆಂದರೆ ಇಂಥ ಒಪ್ಪಂದಗಳು ಮುಂದಿನ ದಾರಿಯನ್ನೂ ಕಟ್ಟಿಹಾಕುತ್ತವೆ. ವಿದ್ಯುತ್ತನ್ನು ಪಡೆಯಲಿ, ಪಡೆಯದಿರಲಿ, ಸ್ಥಾವರ ಸಿದ್ಧವಾಗಿರುವುದಕ್ಕೇ ಒಂದು ಬಾಡಿಗೆ ಕೊಡಬೇಕು. ಮದುವೆ ಮುಂದೂಡಿದರೂ ಶಾಮಿಯಾನದ ಬಾಡಿಗೆ ಕೊಡಬೇಕಾಗುತ್ತದಲ್ಲ, ಹಾಗೆ. ಕಲ್ಲಿದ್ದಲಿನ ಬೆಲೆ ಏರಿದರೆ ಅದರ ಹೊರೆಯೂ ಕೊಳ್ಳುವವರದ್ದೇ. ಬಾಡಿಗೆ ಕೊಟ್ಟ ಮೇಲೆ ಬಳಸದೆ ಬಿಟ್ಟರೆ ನಷ್ಟ, ಹಾಗಾಗಿ ಕಲ್ಲಿದ್ದಲೇ ಉರಿಯುತ್ತದೆ. ಹೊಸದಾಗಿ ಸೋಲಾರ್ ಹಾಕಲು ಕೈಯಲ್ಲಿ ದುಡ್ಡೂ ಉಳಿಯುವುದಿಲ್ಲ. 2024ರ ಆಗಸ್ಟ್‌ನಲ್ಲಿ ಶೇಖ್ ಹಸೀನಾ ಸರಕಾರ ಬಿದ್ದ ಮೇಲೆ ಈ ಒಪ್ಪಂದವನ್ನು ಮರುಪರಿಶೀಲಿಸಬೇಕೆಂಬ ಕೂಗು ಅಲ್ಲಿ ಜೋರಾಯಿತು. ಬಾಕಿ ಹಣದ ತಕರಾರಿನಲ್ಲಿ ಆ ವರ್ಷದ ನವೆಂಬರ್ ಹೊತ್ತಿಗೆ ಗೊಡ್ಡಾದ ಪೂರೈಕೆ ಅರ್ಧಕ್ಕಿಳಿಯಿತು. ಭಾರತ ಸರಕಾರ ಆಗಸ್ಟ್‌ನಲ್ಲೇ ನಿಯಮ ತಿದ್ದಿ, ಇಂಥ ಸ್ಥಾವರ ದೇಶದೊಳಗೂ ವಿದ್ಯುತ್ತು ಮಾರಬಹುದೆಂದಿತು.

ಬಾಂಗ್ಲಾದೇಶದೊಳಗೂ ಒಂದು ಸ್ಥಾವರವಿದೆ, ಅದರಲ್ಲಿ ಅರ್ಧ ಪಾಲು ನಮ್ಮ ದೇಶದ ಎನ್‌ಟಿಪಿಸಿಯದ್ದು. ರಾಂಪಾಲ್ ಎಂಬಲ್ಲಿ, ಸುಂದರಬನದ ಅಂಚಿನಿಂದ ಸುಮಾರು 14 ಕಿಲೋಮೀಟರ್ ದೂರದಲ್ಲಿ, 1320 ಮೆಗಾವಾಟ್. ಸಾಲ ಕೊಟ್ಟದ್ದು ಭಾರತದ ಎಕ್ಸಿಮ್ ಬ್ಯಾಂಕ್. ಜಾಗ ಬದಲಿಸಿರೆಂದು ಯುನೆಸ್ಕೋ ತಂಡ 2016ರಲ್ಲೇ ಹೇಳಿತ್ತು, ಅಲ್ಲಿನ ಜನ ವರ್ಷಗಟ್ಟಲೆ ಬೀದಿಗಿಳಿದಿದ್ದರು. 2022ರ ಕೊನೆಗೆ ಸ್ಥಾವರದ ಮೊದಲ ಘಟಕ ಉರಿಯತೊಡಗಿತು. ಕಲ್ಲಿದ್ದಲಿನ ಹಡಗುಗಳು ಬರುವುದು ಸುಂದರಬನದೊಳಗೆ ಹಾದುಹೋಗುವ ಪೊಶೂರ್ ನದಿಯಲ್ಲಿ. 2014ರ ಡಿಸೆಂಬರ್‌ನಲ್ಲಿ ಅದೇ ಕಾಡಿನ ಶೇಲಾ ನದಿಯಲ್ಲಿ ಎಣ್ಣೆ ಹೊತ್ತ ಹಡಗೊಂದು ಮುಳುಗಿದಾಗ ಊರವರು, ಮಕ್ಕಳು ಸಹಿತ, ಬರಿಗೈಯಲ್ಲಿ ಎಣ್ಣೆ ಬಳಿದು ಡಬ್ಬಗಳಿಗೆ ತುಂಬಿಸಿದ್ದರು. ಆ ಕಾಂಡ್ಲಾ ಕಾಡು ಬರೀ ಹುಲಿಯ ಮನೆಯಲ್ಲ. 2007ರ ಸಿದ್ರ್, 2009ರ ಐಲಾ, 2020ರ ಅಂಫಾನ್ ಚಂಡಮಾರುತಗಳು ಬಂದಾಗ ಹಿಂದಿನ ಹಳ್ಳಿಗಳಿಗೆ ಅಡ್ಡ ನಿಂತ ಗೋಡೆ ಅದು. ಆ ಗೋಡೆಗೆ ಗಡಿಯಿಲ್ಲ, ಹೆಚ್ಚಿನ ಪಾಲು ಅಲ್ಲಿದೆ, ಉಳಿದದ್ದು ನಮ್ಮ ಪಶ್ಚಿಮ ಬಂಗಾಳದಲ್ಲಿದೆ.

ಕರಾವಳಿಯವರಿಗೆ ಇದೆಲ್ಲ ಅಪರಿಚಿತವಲ್ಲ. ಉಡುಪಿಯ ಎಲ್ಲೂರಿನ ಸ್ಥಾವರಕ್ಕೂ ಕಲ್ಲಿದ್ದಲು ಬರುವುದು ಹೊರದೇಶಗಳಿಂದ, ಪಣಂಬೂರು ಬಂದರಿನ ಮೂಲಕ. ಹಾರುಬೂದಿ, ಉಪ್ಪುನೀರಿನ ತುಂತುರು ಬಿದ್ದು ಮಲ್ಲಿಗೆ ಗಿಡ ಹಾಳಾಗುತ್ತಿದೆಯೆಂದು ಸುತ್ತಲಿನವರು ಎಷ್ಟು ಸಲ ದೂರಿಕೊಂಡರು! ಮಲ್ಲಿಗೆ ಕಟ್ಟಿ ಮನೆ ನಡೆಸುವ ಹೆಂಗಸರಿಗೆ ಅದು ಬರೀ ಹೂವಿನ ಮಾತಾಗಿರಲಿಲ್ಲ.

ಹಾಗಾದರೆ ನೀರಿನ ವಿದ್ಯುತ್ತೇ ಒಳ್ಳೆಯದಲ್ಲವೇ? ಹೊಗೆಯಿಲ್ಲ, ಬೂದಿಯಿಲ್ಲ. ಖಾಲಾರನ್ನು ಬೆರಗುಗೊಳಿಸಿದ ಸುದ್ದಿ ಇದೇ. ನೇಪಾಳ, ಭಾರತ, ಬಾಂಗ್ಲಾದೇಶಗಳು 2024ರ ಅಕ್ಟೋಬರ್‌ನಲ್ಲಿ ಒಪ್ಪಂದ ಮಾಡಿಕೊಂಡು, ನವೆಂಬರ್ 15ರಂದು ಒಂದು ದಿನದ ಮಟ್ಟಿಗೆ, 2025ರ ಜೂನ್‌ನಿಂದ ಮಳೆಗಾಲದ ತಿಂಗಳುಗಳಲ್ಲಿ, ನೇಪಾಳದ 40 ಮೆಗಾವಾಟ್ ವಿದ್ಯುತ್ತನ್ನು ಭಾರತದ ಮೂಲಕ ಬಾಂಗ್ಲಾದೇಶಕ್ಕೆ ಕಳಿಸಿದವು. ಗೊಡ್ಡಾದ 1600ರ ಮುಂದೆ 40 ಎಂದರೆ ನಲ್ವತ್ತರಲ್ಲಿ ಒಂದು ಪಾಲು. ಇನ್ನು ಈ ವಿದ್ಯುತ್ತು ನೇಪಾಳದಿಂದ ಹೊರಟು ಢಾಕಾಕ್ಕೇ ತಲುಪುತ್ತದೆಂದೇನೂ ಅಲ್ಲ. ಊರಿನ ಕೆರೆಗೆ ಹತ್ತು ಕಾಲುವೆಗಳ ನೀರು ಬಂದು ಸೇರಿದ ಮೇಲೆ ನಿಮ್ಮ ಕೊಡದಲ್ಲಿರುವುದು ಯಾವ ಕಾಲುವೆಯದ್ದೆಂದು ಹೇಳುವುದುಂಟೇ? ಅತ್ತ ಸುರಿದಷ್ಟನ್ನು ಇತ್ತ ಮೊಗೆದುಕೊಳ್ಳುವ ಲೆಕ್ಕ, ಅಷ್ಟೇ.

ನೇಪಾಳದ ಮಟ್ಟಿಗೆ ನೀರು ದೊಡ್ಡ ಉಪಕಾರವನ್ನೇ ಮಾಡಿದೆ. 2009ರ ಸುಮಾರಿಗೆ ಕಾಠ್ಮಂಡುವಿನಲ್ಲಿ ಚಳಿಗಾಲದ ದಿನಕ್ಕೆ 16 ಗಂಟೆಯವರೆಗೂ ಕರೆಂಟಿರುತ್ತಿರಲಿಲ್ಲ. ಇಂದು ಮಳೆಗಾಲದಲ್ಲಿ ಉಳಿದು ಮಾರುವಷ್ಟಿದೆ. 2015ರಲ್ಲಿ ಗಡಿ ಮುಚ್ಚಿ ಗ್ಯಾಸ್ ಸಿಲಿಂಡರ್ ಸಿಗದಾದಾಗ ಅಲ್ಲಿನ ಗೃಹಿಣಿಯರು ಇಂಡಕ್ಷನ್ ಒಲೆಗಳಿಗೆ ಮುಗಿಬಿದ್ದಿದ್ದರು. ಸೌದೆಯ ಹೊಗೆ ಕುಡಿದು ಕೆಮ್ಮುತ್ತಾ ಅಡುಗೆ ಮಾಡಿದವರಿಗೆ ಅದರ ಬೆಲೆ ಗೊತ್ತು. 2024ರ ಜನವರಿಯಲ್ಲಿ, ಹತ್ತು ವರ್ಷಗಳಲ್ಲಿ ನೇಪಾಳದಿಂದ 10,000 ಮೆಗಾವಾಟ್ ಕೊಳ್ಳುವ ಒಪ್ಪಂದಕ್ಕೆ ಭಾರತ ಸಹಿ ಹಾಕಿತು.

ಆದರೆ ಹಿಮಾಲಯದ ಹೊಳೆಗಳು ಚಳಿಗಾಲದಲ್ಲಿ ಸೊರಗುತ್ತವೆ. ಆಗ ನೇಪಾಳ, ಭೂತಾನ್ ಎರಡೂ ನಮ್ಮಿಂದಲೇ ವಿದ್ಯುತ್ತು ಕೊಳ್ಳುತ್ತವೆ, ಅದರಲ್ಲಿ ಹೆಚ್ಚಿನದು ಕಲ್ಲಿದ್ದಲಿನದ್ದು. ಮಳೆಗಾಲದಲ್ಲಿ ಕೊಟ್ಟ ಕಡ ಚಳಿಗಾಲದಲ್ಲಿ ಬೇರೆ ರೂಪದಲ್ಲಿ ವಾಪಸಾಗುತ್ತದೆ. ಮತ್ತೆ, ಹೊಳೆಯನ್ನು ಸುರಂಗಕ್ಕೆ ತಿರುಗಿಸಿದಾಗ ಅಣೆಕಟ್ಟಿನಿಂದ ವಿದ್ಯುದಾಗಾರದವರೆಗಿನ ಹರಿವು ಕಿಲೋಮೀಟರ್‌ಗಟ್ಟಲೆ ಬತ್ತುತ್ತದೆ. ಮೀನು ಮೇಲೇರಲಾರದು. ಬೆಟ್ಟ ಕೊರೆದಾಗ ಹಳ್ಳಿಯ ಒರತೆಗಳು ದಿಕ್ಕು ತಪ್ಪುವುದುಂಟು. ಒರತೆ ಬತ್ತಿದರೆ ಕೊಡ ಹೊತ್ತು ಎರಡು ಗುಡ್ಡ ಹೆಚ್ಚು ನಡೆಯಬೇಕಾದವರು ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಭೂತಾನ್ ನಮಗೆ ವಿದ್ಯುತ್ತು ಮಾರಲೆಂದೇ ಭಾರತದ ಹಣದಲ್ಲಿ ಕಟ್ಟಲು ತೊಡಗಿದ ಪುನಾತ್ಸಾಂಗ್‌ಛು ಒಂದನೆಯ ಯೋಜನೆ 2013ರಲ್ಲಿ ಗುಡ್ಡ ಜಾರಿ ವರ್ಷಗಟ್ಟಲೆ ನಿಂತುಹೋಯಿತು. ಅದೇ ನದಿಯ ದಂಡೆಯಲ್ಲಿ ಬದುಕುವ ಬಿಳಿಹೊಟ್ಟೆಯ ಬಕ ಇಂದು ಅಳಿವಿನ ಅಂಚಿನಲ್ಲಿದೆ. ನಮ್ಮ ಶರಾವತಿಯ ಮುಳುಗಡೆಯವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಜಮೀನಿನ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವಾಗ ನೀರಿನ ವಿದ್ಯುತ್ತಿಗೆ ಬೆಲೆಯಿಲ್ಲವೆಂದು ನಾವಂತೂ ಹೇಳಲಾರೆವು.

2023ರ ಅಕ್ಟೋಬರ್ ಮೂರರ ರಾತ್ರಿ ಸಿಕ್ಕಿಂನ ದಕ್ಷಿಣ ಲ್ಹೋನಾಕ್ ಹಿಮಸರೋವರ ಒಡೆಯಿತು. ಚುಂಗ್‌ಥಾಂಗ್‌ನಲ್ಲಿದ್ದ 1200 ಮೆಗಾವಾಟ್‌ನ ತೀಸ್ತಾ ಮೂರನೆಯ ಯೋಜನೆಯ ಅಣೆಕಟ್ಟು ನಿಮಿಷಗಳಲ್ಲಿ ಕೊಚ್ಚಿಹೋಯಿತು. ಹತ್ತಾರು ಜನ ಸತ್ತರು, ಇನ್ನೂ ಹಲವರ ಹೆಣ ಕೂಡ ಸಿಗಲಿಲ್ಲ. ತೀಸ್ತಾ ಅಲ್ಲಿಂದ ಬಂಗಾಳಕ್ಕೆ, ಮುಂದೆ ಬಾಂಗ್ಲಾದೇಶಕ್ಕೆ ಹರಿಯುವ ನದಿ, ನೆರೆಯೂ ಅದೇ ದಾರಿ ಹಿಡಿಯಿತು. ತೀಸ್ತಾದ ಅಣೆಕಟ್ಟುಗಳ ವಿರುದ್ಧ ಜೋಂಗುವಿನ ಲೆಪ್ಚಾ ಯುವಕರು 2007ರಲ್ಲೇ ಉಪವಾಸ ಕುಳಿತಿದ್ದರು. ಕೊಚ್ಚಿಹೋದ ಜಾಗದಲ್ಲಿ ಮತ್ತೆ ಅಣೆಕಟ್ಟು ಕಟ್ಟುವ ಪ್ರಸ್ತಾಪಕ್ಕೆ ಕೇಂದ್ರದ ತಜ್ಞರ ಸಮಿತಿ 2025ರಲ್ಲಿ ಶಿಫಾರಸು ಮಾಡಿದೆ.

ಖಾಲಾರ ವೀಸಾದ ಪ್ರಶ್ನೆ ಬಾಕಿಯಿದೆ. ಭಾರತದ ನಿಯಮದಂತೆ ನೇಪಾಳದ ಯಾವ ಸ್ಥಾವರದ ವಿದ್ಯುತ್ತು ಬರಬೇಕಾದರೂ ಮೊದಲು ಇಲ್ಲಿನ ಅನುಮತಿ ಬೇಕು. ಚೀನಾದ ಹಣವೋ, ಚೀನೀ ಗುತ್ತಿಗೆದಾರರೋ ಇರುವ ಯೋಜನೆಯಾದರೆ ಅದರ ವಿದ್ಯುತ್ತನ್ನು ಭಾರತ ಕೊಳ್ಳುವುದಿಲ್ಲ. ಅಂದರೆ ದುಡ್ಡು ಯಾರದ್ದೆಂದು ನೋಡುವ ವೀಸಾ ಇದೆ. ಎಷ್ಟು ಹೊಗೆ ಬಿಟ್ಟಿತು, ಯಾರ ಹೊಲ ಹೋಯಿತು ಎಂದು ನೋಡುವ ವೀಸಾ ನಮ್ಮ ಈ ಭಾಗದಲ್ಲಿ ಇಲ್ಲ. ಯುರೋಪಿನವರು 2026ರ ಜನವರಿಯಿಂದ ಅಂಥದ್ದೊಂದನ್ನು ತಂದಿದ್ದಾರೆ. ಹೊರಗಿನಿಂದ ಬರುವ ಉಕ್ಕು, ಸಿಮೆಂಟಿನಂತೆಯೇ ವಿದ್ಯುತ್ತಿಗೂ ಇಂಗಾಲದ ಸುಂಕ. ಬೋಸ್ನಿಯಾ, ಸರ್ಬಿಯಾಗಳ ಹಳೆಯ ಕಲ್ಲಿದ್ದಲು ಸ್ಥಾವರಗಳ ವಿದ್ಯುತ್ತು ಪಕ್ಕದ ಶ್ರೀಮಂತ ದೇಶಗಳಿಗೆ ಅಗ್ಗವಾಗಿ ಹರಿದು, ಹೊಗೆ ಮಾತ್ರ ತುಜ್ಲಾದಂಥ ಊರುಗಳ ಮಕ್ಕಳ ಎದೆಗೆ ಹೋಗುತ್ತಿತ್ತಲ್ಲ, ಅದಕ್ಕೆ. ಸುಂಕದ ಹಣ ಹೊಗೆ ಕುಡಿದ ಊರಿಗೆ ಹೋಗುತ್ತದೆಯೇ ಎಂದರೆ, ಇಲ್ಲ, ಅದು ಯುರೋಪಿನ ಬೊಕ್ಕಸಕ್ಕೇ.

ಬಾಂಗ್ಲಾದೇಶದಲ್ಲೇ ಇನ್ನೊಂದು ದಾರಿ ಕಂಡಿತ್ತು. ಅದನ್ನು ಹೇಳದಿದ್ದರೆ ಈ ಬರಹ ಅರ್ಧವಾದೀತು. 2003ರಿಂದ ಅಲ್ಲಿ ತಂತಿ ತಲುಪದ ಹಳ್ಳಿಗಳ ಮನೆಗಳಿಗೆ ಸಣ್ಣ ಸೋಲಾರ್ ಪೆಟ್ಟಿಗೆಗಳನ್ನು ಕಂತಿನ ಮೇಲೆ ಕೊಡಲಾಯಿತು. ತಗಡಿನ ಮಾಡಿನ ಮೇಲೆ ಒಂದು ಹಲಗೆ, ಒಳಗೆ ಒಂದು ಬ್ಯಾಟರಿ, ನಾಲ್ಕು ಬಲ್ಬು, ಮೊಬೈಲ್ ಚಾರ್ಜು ಮಾಡುವ ತೂತು. ಹದಿನೈದು ವರ್ಷಗಳಲ್ಲಿ 40 ಲಕ್ಷಕ್ಕೂ ಹೆಚ್ಚು ಮನೆಗಳು, ಎರಡು ಕೋಟಿಯಷ್ಟು ಜನ. ಗ್ರಾಮೀಣ್ ಶಕ್ತಿ ಎಂಬ ಸಂಸ್ಥೆ ಹಳ್ಳಿಯ ಹೆಂಗಸರಿಗೇ ಬೆಸುಗೆ ಹಾಕಲು, ಉಪಕರಣ ಜೋಡಿಸಲು, ಕೆಟ್ಟರೆ ರಿಪೇರಿ ಮಾಡಲು ಕಲಿಸಿತು. ಸೀಮೆಎಣ್ಣೆ ಬುಡ್ಡಿಯ ಮಸಿ ಹೋಯಿತು, ಮಕ್ಕಳು ರಾತ್ರಿ ಓದತೊಡಗಿದರು.

ಆಮೇಲೆ ಸರಕಾರದ ತಂತಿ ಬಂತು. ಫ್ರಿಜ್ಜು, ಫ್ಯಾನು ಓಡಿಸುವ ತಂತಿ ಬಂದರೆ ನಾಲ್ಕು ಬಲ್ಬಿನ ಪೆಟ್ಟಿಗೆಯನ್ನು ಯಾರು ಕೇಳುತ್ತಾರೆ? ಕಂತು ಕಟ್ಟುವುದು ನಿಂತಿತು, ಸತ್ತ ಬ್ಯಾಟರಿಗಳ ಸೀಸ ಇನ್ನೊಂದು ತಲೆನೋವಾಯಿತು. ಆ ಪೆಟ್ಟಿಗೆಗಳನ್ನು ಎಸೆಯದೆ ತಂತಿಗೇ ಜೋಡಿಸಿ ಹಗಲಿನ ಬಿಸಿಲನ್ನು ಊರಿಗೆ ಮಾರುವಂತೆ ಮಾಡಬಹುದಿತ್ತೆಂದು ನನಗೆ ಅನಿಸುತ್ತದೆ. ಆದರೆ ಆ ಹೊತ್ತಿಗೆ ಗೊಡ್ಡಾದ ಕಾಗದಕ್ಕೆ ಸಹಿ ಬಿದ್ದಾಗಿತ್ತು. ಈಗ ಅದೇ ದೇಶ ಮತ್ತೆ ಮಾಡಿನ ಮೇಲಿನ ಸೋಲಾರ್‌ನತ್ತ ನೋಡುತ್ತಿದೆ.

ನಮ್ಮಲ್ಲೂ 2024ರಲ್ಲಿ ಆರಂಭವಾದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್‌ನ ಸೋಲಾರ್ ಹಾಕಿಸಿದವರಿಗೆ 78,000 ರೂಪಾಯಿಯವರೆಗೆ ಸಹಾಯಧನವಿದೆ. ಖಾಲಾರಿಗೆ ಹೇಳಿದೆ. "ಬಿಲ್ಲೇ ಸೊನ್ನೆ ಇರುವಾಗ ನನಗೆ ಯಾಕಮ್ಮಾ ಅದು?" ಎಂದರು. ಅಷ್ಟರಲ್ಲಿ ಕರೆಂಟು ಬಂತು. ಬೀಸಣಿಗೆಯನ್ನು ಕಂಕುಳಲ್ಲಿಟ್ಟು ಎದ್ದು ಹೊರಟವರು ಮೆಟ್ಟಿಲ ಬಳಿ ನಿಂತು ಮತ್ತೆ ಕೇಳಿದರು: "ಆ ಕಾಲಿಗೆ ಬಿದ್ದ ಹೆಂಗಸರಿಗೆ ಹೊಲ ವಾಪಸು ಸಿಕ್ಕಿತಾ?"

ಇಲ್ಲ ಎಂದೆ. ಈಗ ಅಲ್ಲಿ ಚಿಮಣಿ ನಿಂತಿದೆ.